ಈ ತೂತು ಯಾರದು?

ಜನವರಿ 9

ಪ್ರೀತಿಯ ತೂತನಿಗೆ,

ಹೇಗಿದ್ದೀಯೋ? ಪ್ರತಿ ಜನವರಿಯಲ್ಲಿ ನಿನಗೊಂದು ಪತ್ರ ಹಾಕುವುದು ನನ್ನ ರೂಢಿ. ಈ ಸಲದ್ದು ಬರೀ ಕ್ಷೇಮ ಸಮಾಚಾರವಲ್ಲ, ಕೆಲಸದ ಪತ್ರ. ಅದಕ್ಕೇ ಜೊತೆಗೊಂದು ಪೊಟ್ಟಣವೂ ಬಂದಿದೆ. ಮೊದಲು ಇದನ್ನು ಓದು, ಆಮೇಲೆ ಅದನ್ನು ಬಿಚ್ಚು. ನಿನ್ನ ಬುದ್ಧಿ ನನಗೆ ಗೊತ್ತು, ಆಗಲೇ ಬಿಚ್ಚಿರುತ್ತೀಯ.

ಅದು ನಮ್ಮ ಮೇಸ್ತ್ರಿಯ ಸ್ವಂತ ಕ್ಷೌರದ ಕತ್ತಿ. ಹೌದು, ಅದೇ, ಕಪ್ಪು ಕೊಂಬಿನ ಹಿಡಿಯದು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತಲ್ಲ, ಮಗಳಿಗೆ ಈಗ ಯಾವುದೋ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದೆ. ಗಂಡನಿಗೆ ಕೊಡುತ್ತಾಳಂತೆ. “ಅಪ್ಪನ ಕತ್ತೀಲಿ ಗಡ್ಡ ಮಾಡ್ಕೊಂಡ್ರೆ ನಮ್ಮೆಜಮಾನ್ರಿಗೂ ಸ್ವಲ್ಪ ಬುದ್ಧಿ ಬರಬಹುದು” ಅಂತ ನಕ್ಕಳು.

ಅಲಗಿಗೆ ನಾನೇ ಸಾಣೆ ಹಿಡಿದಿದ್ದೇನೆ. ಕೂದಲು ತಾಗಿಸಿದರೆ ಸಾಕು, ಎರಡಾಗುತ್ತದೆ. ತೊಂದರೆ ಇರುವುದು ಹಿಡಿಯಲ್ಲಿ. ಅಲಗು ತಿರುಗುವ ಮೊಳೆ ಇದೆಯಲ್ಲ, ಅದರ ತೂತು ಸವೆದುಹೋಗಿದೆ. ಕತ್ತಿ ಬಿಚ್ಚಿದರೆ ಕುಡಿದವನ ಹಾಗೆ ತೂಗಾಡುತ್ತದೆ, ಮುಚ್ಚಿದರೆ ಅಲಗು ಹಿಡಿಯ ಪಕ್ಕದ ಗೋಡೆಗೆ ಹಲ್ಲು ಹಾಕುತ್ತದೆ. ನನ್ನ ಕೈ ನಡುಗಲು ಶುರುವಾಗಿ ಎರಡು ವರ್ಷ. ಸಾಣೆಕಲ್ಲಿನ ಮೇಲೆ ಒತ್ತಿ ಹಿಡಿದರೆ ಸುಮ್ಮನಿರುತ್ತದೆ, ಡ್ರಿಲ್ಲು ಕಂಡರೆ ಕುಣಿಯುತ್ತದೆ. ತೂತಿನ ಕೆಲಸದಲ್ಲಿ ನಿನ್ನನ್ನು ಮೀರಿಸಿದವರಿಲ್ಲ. ಅದಕ್ಕೇ ಅಲ್ಲವೇ ಮೇಸ್ತ್ರಿ ನಿನ್ನನ್ನು ತೂತ ಅಂತಲೂ ನನ್ನನ್ನು ಸಾಣೆ ಅಂತಲೂ ಕರೆದದ್ದು? ನೀನು ಮಾಡಿಕೊಡು.

ಒಂದು ಮಾತು. ಮಾಡಿದವನು ನೀನೆಂದು ಅವಳಿಗೆ ಹೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಆ ಹಳೆಯ ಸಂಗತಿ ಅವಳ ತಲೆಯಲ್ಲಿ ಹಾಗೇ ಕೂತಿದೆ. “ತೂತಣ್ಣ ಮುಟ್ಟಿದ ಕತ್ತಿ ಬೇಡ” ಅಂದುಬಿಟ್ಟರೆ ನಿನಗೂ ನೋವು, ನನಗೂ ನೋವು. ತಪ್ಪು ಯಾರಿಂದ ಆಗುವುದಿಲ್ಲ ಹೇಳು? ನಾನಂತೂ ಅದನ್ನು ಎಂದೋ ಮರೆತಿದ್ದೇನೆ.

ನಿನ್ನ ಅತ್ತಿಗೆ ಕೇಳಿದಳೆಂದು ಬರೆಯಲು ಹೇಳಿದಳು.

ನಿನ್ನ
ಸಾಣೆ

~

ಜನವರಿ 17

ಪ್ರೀತಿಯ ಸಾಣೆಗೆ,

ಪೊಟ್ಟಣವನ್ನೇ ಮೊದಲು ಬಿಚ್ಚಿದೆ. ನೀನು ಗೆದ್ದೆ.

ಕತ್ತಿಯನ್ನು ಮೇಜಿನ ಮೇಲಿಟ್ಟು ಅದರ ಸುತ್ತ ಎರಡು ದಿನ ಓಡಾಡಿದೆ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ. ಮುಟ್ಟಲು ಧೈರ್ಯ ಬರಲಿಲ್ಲ. ಇಪ್ಪತ್ತೆರಡು ವರ್ಷವಾಯಿತು ಮಾರಾಯ, ನಾನು ಕ್ಷೌರದ ಕತ್ತಿ ಮುಟ್ಟಿ. ನನ್ನ ಬದುಕು ಈಗ ಬೀಗ ಮತ್ತು ಕೊಡೆ. ಬೀಗ ಕೆಟ್ಟರೆ ಜನ ಮನೆಯ ಹೊರಗೆ ನಿಲ್ಲುತ್ತಾರೆ, ಕೊಡೆ ಕೆಟ್ಟರೆ ನೆನೆಯುತ್ತಾರೆ. ಯಾರಿಗೂ ರಕ್ತ ಬರುವುದಿಲ್ಲ. ಅದಕ್ಕೇ ಈ ಕೆಲಸ ಹಿಡಿದದ್ದು.

ನೀವೆಲ್ಲ ಕತ್ತಿ ರಿಪೇರಿಯ ಅಂಗಡಿ ಎತ್ತಿಕೊಂಡು ದೊಡ್ಡ ಊರಿಗೆ ಹೋದಿರಿ. ನಾನು ಇಲ್ಲೇ ಉಳಿದೆ, ನಾನು ಕೆಡಿಸಿದ ಕತ್ತಿಯಿಂದ ಕೈ ಕುಯ್ದುಕೊಂಡ ಸಲೂನಿನವರೂ ಇಲ್ಲೇ ಉಳಿದರು. ನಿನಗೆ ಇದನ್ನು ನಾನು ಬರೆದಿರಲಿಲ್ಲ, ನಾಚಿಕೆ ಎನಿಸಿತ್ತು. ತಿಂಗಳ ಮೊದಲ ಸೋಮವಾರ ನಾನು ಅವರ ಸಲೂನಿಗೆ ಹೋಗುತ್ತೇನೆ. ಮೂಲೆಯ ಸ್ಟೂಲಿನ ಮೇಲೆ ಕೂತು ಅವರ ಕತ್ತರಿಗಳಿಗೆಲ್ಲ ಸಾಣೆ ಹಿಡಿದು, ಕಾಸು ಮುಟ್ಟದೆ ಎದ್ದು ಬರುತ್ತೇನೆ. ಅಷ್ಟೇ. ನೀನಿದ್ದಿದ್ದರೆ ನನ್ನ ಸಾಣೆ ನೋಡಿ ನಗುತ್ತಿದ್ದೆ, ಈಗ ಪರವಾಗಿಲ್ಲ, ಕೈ ಕುದುರಿದೆ. ಬಲಗೈ ಹೆಬ್ಬೆರಳು ಇವತ್ತಿಗೂ ಅವರಿಗೆ ಮಡಚುವುದಿಲ್ಲ. ಸೌದೆಯ ತುಂಡಿನ ಹಾಗೆ ನಿಂತಿರುತ್ತದೆ. ಕತ್ತರಿಯನ್ನು ಬೇರೆ ಬೆರಳುಗಳಲ್ಲಿ ಹಿಡಿಯುವುದನ್ನು ಕಲಿತಿದ್ದಾರೆ. ಇಷ್ಟು ವರ್ಷದಲ್ಲಿ ನನ್ನ ಜೊತೆ ಒಂದೇ ಒಂದು ಮಾತಾಡಿಲ್ಲ. ಬಾ ಅಂದಿಲ್ಲ, ಹೋಗು ಅಂದಿಲ್ಲ. ಸಿಟ್ಟು ಇರಬೇಕಾದ್ದೇ. ಬೆರಳು ತಿಂದವನನ್ನು ಯಾರು ಮಾತಾಡಿಸುತ್ತಾರೆ?

ಮೇಸ್ತ್ರಿಯ ಮಗಳಿಗೆ ಹೇಳುವುದು ಬೇಡ, ಸರಿ. ಅವಳು ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಅಂಗಡಿಯ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದಳು. ಇರಲಿ.

ಕೆಲಸ ಮಾಡಿಕೊಡುತ್ತೇನೆ. ಆವತ್ತು ಅಂಗಡಿ ಬಿಟ್ಟು ಹೊರಟಾಗ ನನ್ನ ಬೆನ್ನ ಮೇಲೆ ಕೈಯಿಟ್ಟವನು ನೀನೊಬ್ಬನೇ. ನೀನು ಕೇಳಿದರೆ ಇಲ್ಲ ಅನ್ನಲಾರೆ. ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ ನನ್ನ ಕೈಡ್ರಿಲ್ಲು, ಹಿತ್ತಾಳೆ ಕೊಳವೆಗಳು ಹಾಗೇ ಇವೆ. ಎಸೆಯಲು ಎಷ್ಟು ಸಲ ಎತ್ತಿಕೊಂಡಿದ್ದೆನೋ!

ನಿನ್ನ
ತೂತ

~

ಫೆಬ್ರವರಿ 11

ಪ್ರೀತಿಯ ಸಾಣೆಗೆ,

ಮೊನ್ನೆ ಭಾನುವಾರ ಕಿಟಕಿಯ ಹತ್ತಿರ ಬೆಳಕು ನೋಡಿಕೊಂಡು ಕೂತು ಕತ್ತಿ ಬಿಚ್ಚಿದೆ. ಮೊಳೆಯ ತಲೆಯನ್ನು ಅರದಿಂದ ಉಜ್ಜಿ ತೆಗೆದು, ಹಿಂದಿನಿಂದ ಮೆಲ್ಲಗೆ ತಟ್ಟಿದೆ. ಮೊಳೆ ಹೊರಗೆ ಬಂತು. ಕೈಗೆ ಎಲ್ಲ ನೆನಪಿತ್ತು, ತಲೆಗಿಂತ ಚೆನ್ನಾಗಿ.

ಆದರೆ ತೂತು ನೋಡಿ ಗಾಬರಿಯಾಯಿತು. ಬರೀ ಸವೆದ ತೂತಲ್ಲ ಅದು. ಅದರ ಸುತ್ತ ಬೇರೆ ಬಣ್ಣದ ಒಂದು ಉಂಗುರ. ಸೂಜಿಯಿಂದ ಚುಚ್ಚಿದರೆ ರೊಟ್ಟಿಯ ಸೀಕಲಿನ ಹಾಗೆ ಪುಡಿಪುಡಿಯಾಗಿ ಉದುರಿತು. ಯಾರೋ ಹಿಂದೊಮ್ಮೆ ಸವೆದ ತೂತಿಗೆ ಅಂಟು ಮತ್ತು ಕೊಂಬಿನ ಪುಡಿ ಕಲಸಿ ಮೆತ್ತಿ, ಅದರಲ್ಲೇ ಹೊಸ ತೂತು ಕೊರೆದಿದ್ದಾರೆ.

ಮೇಸ್ತ್ರಿಯ ಕತ್ತಿಗೆ! ಮೆತ್ತುವ ಕೆಲಸ ಕಂಡರೆ ಹಿಡಿ ಎಸೆಯುತ್ತಿದ್ದ ಮೇಸ್ತ್ರಿಯ ಕತ್ತಿಗೆ! ನೆನಪಿದೆಯಲ್ಲ, ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: “ಸವೆದ ತೂತನ್ನ ಮುಚ್ಚಬಾರದ್ರೋ. ಇನ್ನೂ ದೊಡ್ಡದು ಮಾಡಬೇಕು. ಗಟ್ಟಿ ಜಾಗ ಸಿಗೋವರೆಗೂ ಕೊರೀಬೇಕು. ಆಮೇಲೆ ಅದರೊಳಗೆ ಹಿತ್ತಾಳೆ ಕೊಳವೆಯ ಬುಷ್ ಕೂರಿಸಬೇಕು. ಮೆತ್ತಿದ್ದು ಕಣ್ಣಿಗೆ ಚೆಂದ, ಒಂದಿನ ಕೈಗೆ ಕುತ್ತು.” ಬುಷ್ ಕೂರಿಸಲು ಅರ್ಧ ದಿನ ಬೇಕು, ಮೆತ್ತಲು ಅರ್ಧ ಗಂಟೆ ಸಾಕು.

ಪುಡಿಯನ್ನು ಊದಿದೆ. ತಕ್ಷಣ ಸೀನು ಬಂತು. ಒಂದಲ್ಲ, ಮೂರು. ಕಣ್ಣಲ್ಲೆಲ್ಲ ನೀರು. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ “ಯಾರಪ್ಪಾ ಅದು ಪಟಾಕಿ ಹೊಡೀತಿರೋದು?” ಅಂದಳು. ನಾನು ನಗುತ್ತಾ ಮೂಗು ಒರೆಸಿಕೊಂಡೆ. ಒರೆಸಿಕೊಂಡ ಕೈ ಹಾಗೇ ನಿಂತಿತು.

ಅದು ನಶ್ಯದ ವಾಸನೆ ಕಣೋ.

ಹಿಡಿಯ ಗೀರು ಮುಚ್ಚಲೆಂದು ನೀನು ಕೊಂಬಿನ ಪುಡಿಯನ್ನು ಕೂಡಿಡುತ್ತಿದ್ದೆ, ನಿನ್ನ ಹಳೆಯ ನಶ್ಯದ ಡಬ್ಬಿಗಳಲ್ಲಿ. ಬೇರೆ ಯಾರೂ ಇಡುತ್ತಿರಲಿಲ್ಲ.

ಆಮೇಲೆ ಇನ್ನೊಂದು ಸೀನು ನೆನಪಾಯಿತು. ಆವತ್ತಿನದು. ಮಧ್ಯಾಹ್ನ, ಅಂಗಡಿ ತುಂಬ ಜನ. ಸಲೂನಿನವರು ಕೈಗೆ ಟವೆಲ್ ಸುತ್ತಿಕೊಂಡು ನಿಂತಿದ್ದಾರೆ, ಟವೆಲ್ ಕೆಂಪಾಗಿದೆ. ಮುಚ್ಚುವಾಗ ಅಲಗು ಜಾರಿ ಹೆಬ್ಬೆರಳಿನ ನರಕ್ಕೇ ಕಚ್ಚಿತ್ತು. ಮೇಸ್ತ್ರಿ ಸಲೂನಿನವರ ಕತ್ತಿಯ ಮೊಳೆ ಕಿತ್ತು, ತೂತನ್ನು ಸೂಜಿಯಲ್ಲಿ ಕೆರೆದು ಊದಿದರು. ಎರಡು ಸಲ ಸೀನಿದರು. ನೀನು “ಮೇಸ್ತ್ರಿಗೆ ನೆಗಡಿ” ಎನ್ನುತ್ತಾ ನೀರು ತರಲು ಓಡಿದೆ. ನೀನು ತಂದ ನೀರು ಕುಡಿದು ಅವರು ತಲೆಯೆತ್ತಿ ಕೇಳಿದರು: “ಈ ತೂತು ಯಾರದು?”

ನಾನು “ನನ್ನದು” ಅಂದೆ.

ಯಾಕೆ ಅಂದೆ? ಆ ಕತ್ತಿ ಅಂಗಡಿಗೆ ಬಂದ ವಾರ ನನಗೆ ಜ್ವರ. ನಾಲ್ಕು ದಿನ ಮಲಗಿದ್ದೆ. ಎದ್ದು ಬಂದು “ಸಲೂನಿನವರ ಕತ್ತಿ ಎಲ್ಲೋ?” ಅಂತ ನಿನ್ನನ್ನು ಕೇಳಿದೆ. ನೀನು “ಅಯ್ಯೋ, ನೀನೇ ಮುಗಿಸಿ ಮಲಗಿದೆಯಲ್ಲೋ, ಜ್ವರದಲ್ಲಿ ಮರೆತೆಯಾ? ಅವರು ತಗೊಂಡು ಹೋದ್ರು” ಅಂದೆ. ನನಗೆ ನೆನಪಿರಲಿಲ್ಲ. ನೀನು ಹೇಳಿದೆಯಲ್ಲ, ನಂಬಿದೆ. ಜ್ವರದ ಭರದಲ್ಲಿ ನಾನೇ ಮೆತ್ತಿಬಿಟ್ಟಿರಬೇಕು ಅಂದುಕೊಂಡೆ.

ಈಗ ಕೇಳುತ್ತೇನೆ. ನನಗೆ ಒಂದೇ ಸಾಲಿನ ಉತ್ತರ ಸಾಕು. ಆ ತೂತು ಯಾರದು?

ನಿನ್ನ
ತೂತ

~

ಫೆಬ್ರವರಿ 25

ಪ್ರೀತಿಯ ತೂತನಿಗೆ,

ಸೀನು ಬಂದರೆ ಬಿಸಿನೀರು ಕುಡಿದು ಮಲಗಬೇಕು ಕಣೋ, ಪತ್ರ ಬರೆಯಬಾರದು.

ಮೇಸ್ತ್ರಿಯ ಕತ್ತಿ ನಾನೇ ಮಾಡಿದ್ದು, ಒಪ್ಪಿದೆ. ನೀನು ಹೋದ ಮೇಲೆ ಸಾಣೆಯೂ ನಾನೇ, ತೂತೂ ನಾನೇ. ಹತ್ತು ಕೈಯ ಕೆಲಸ ಎರಡು ಕೈಯಲ್ಲಿ. ಯಾವುದೋ ಅವಸರದ ದಿನ ಮೆತ್ತಿರಬೇಕು, ಮೆತ್ತಿದ್ದು ಮರೆತೂ ಹೋಗಿತ್ತು. ಅವರೂ ಆಮೇಲೆ ಹಾಸಿಗೆ ಹಿಡಿದರು, ಆ ಕತ್ತಿಯನ್ನು ಅಷ್ಟಾಗಿ ಬಳಸಲಿಲ್ಲ. ಅದಕ್ಕೂ ಸಲೂನಿನವರ ಕತ್ತಿಗೂ ಯಾಕೆ ಗಂಟು ಹಾಕುತ್ತೀಯ? ಪ್ರಪಂಚದಲ್ಲಿ ನಶ್ಯ ಹಾಕುವವನು ನಾನೊಬ್ಬನೇನಾ? ಇಪ್ಪತ್ತೆರಡು ವರ್ಷದ ಹಿಂದಿನ ಸೀನು ಹಿಡಿದುಕೊಂಡು ಬೆಟ್ಟ ಅಗೆಯಲು ಹೊರಟಿದ್ದೀಯ. ಇಲಿ ಸಿಕ್ಕೀತು, ಅಷ್ಟೇ.

ಆ ಸ್ಟೂಲು, ಆ ಸೋಮವಾರ ಎಲ್ಲ ಓದಿ ನಿನ್ನ ಅತ್ತಿಗೆ ಅತ್ತಳು. ಅದೆಲ್ಲ ಬಿಡೋ. ವಯಸ್ಸಾಯಿತು. ಎಲ್ಲರ ಮನೆಯ ದೋಸೆಯೂ ತೂತೇ ಅಂತ ಗಾದೆಯೇ ಇದೆ.

ಮೇಸ್ತ್ರಿಯ ಮಗಳು ಎರಡು ಸಲ ಬಂದು ಹೋದಳು. “ಆಯ್ತಾ ಸಾಣೆ ಮಾಮ?” ಅಂತಾಳೆ. ಬೇಗ ಕಳಿಸು.

ನಿನ್ನ
ಸಾಣೆ

~

ಮಾರ್ಚ್ 4

ಸಾಣೆ,

ಕೇಳಿದ ಒಂದು ಪ್ರಶ್ನೆಯನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಬರೆದಿದ್ದೀಯ. ನಾನು ಕುಂಬಳಕಾಯಿ ಎಂದಷ್ಟೇ ಅಂದದ್ದು. ಹೆಗಲು ಮುಟ್ಟಿ ನೋಡಿಕೊಂಡವನು ನೀನು.

ಎಲ್ಲರ ಮನೆಯ ದೋಸೆಯೂ ತೂತೇ, ಸರಿ. ನಿನ್ನ ಮನೆಯಲ್ಲಿ ಮಾತ್ರ ಕಾವಲಿಯೇ ತೂತು.

ಮೇಸ್ತ್ರಿ ಹೋದರು. ಅವರಿಗೆ ಇನ್ನು ಹೇಳಲಾಗುವುದಿಲ್ಲ. ಅವರು ಕೊನೆಯ ಸಲ ನನ್ನ ಮುಖ ನೋಡಿದ್ದು ಆ ಮಧ್ಯಾಹ್ನ. ಅವರು ಕಾಯಿಲೆ ಬಿದ್ದಾಗ ನಿಮ್ಮೂರಿಗೆ ಬಂದಿದ್ದೆ, ಬಾಗಿಲಲ್ಲೇ ನಿಂತು ವಾಪಸ್ಸು ಬಂದೆ. ಆದರೆ ಸಲೂನಿನವರು ಇದ್ದಾರೆ. ನನಗೆ ಬೇಕಾದದ್ದು ಇಷ್ಟೇ: ಅವರಿಗೆ ಒಂದು ಚೀಟಿ ಬರೆ. ‘ಆ ತೂತು ನನ್ನದು’ ಅಂತ ಮೂರು ಪದ, ಕೆಳಗೆ ನಿನ್ನ ಸಹಿ. ಚೀಟಿ ನನ್ನ ಕೈಗೆ ಕಳಿಸು, ನಾನೇ ತಲುಪಿಸುತ್ತೇನೆ. ಒಂದೇ ಒಂದು ಸಲ ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ “ಬಾರಪ್ಪ” ಅಂದರೆ ಸಾಕು.

ಅಲ್ಲಿಯವರೆಗೆ ಮೇಸ್ತ್ರಿಯ ಕತ್ತಿ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡೇ ಇರುತ್ತದೆ.

ತೂತ

~

ಮೇ 20

ತೂತ,

ಎರಡೂವರೆ ತಿಂಗಳಾಯಿತು. ಆರು ಸಲ ಬರೆದು ಹರಿದೆ. ಇದು ಏಳನೆಯದು.

ಆ ತೂತು ನನ್ನದು.

ನೀನು ಮಲಗಿದ ಎರಡನೆಯ ದಿನ ಸಲೂನಿನವರು ಬಂದು ಕೂತರು. “ಅಂಗಡಿ ಬಾಗಿಲು ಹಾಕ್ಕೊಂಡು ಬಂದಿದೀನಿ, ಕತ್ತಿ ಇಲ್ದೆ ಹೋಗಲ್ಲ” ಅಂದರು. ಮೇಸ್ತ್ರಿ ಊರಲ್ಲಿರಲಿಲ್ಲ. ಬುಷ್ ಕೂರಿಸಲು ನನಗೆ ಬರುತ್ತಿರಲಿಲ್ಲ ಅಂತ ನಿನಗೂ ಗೊತ್ತು. ಬರುವುದಿಲ್ಲ ಅನ್ನಲು ನಾಚಿಕೆ. ಮೆತ್ತಿದೆ. ನೀನು ಎದ್ದು ಬಂದು ಕೇಳಿದಾಗ ನಿಜ ಹೇಳಿದ್ದರೆ ನೀನು ಓಡಿಹೋಗಿ ವಾಪಸ್ಸು ತಂದು ಸರಿಮಾಡುತ್ತಿದ್ದೆ. ಅದೂ ಗೊತ್ತಿತ್ತು. ಆದರೆ ಆಮೇಲೆ ಮೇಸ್ತ್ರಿಗೆ ಹೇಳುತ್ತಿದ್ದೆ. ಅದಕ್ಕೇ ನೀನೇ ಮಾಡಿದ್ದು ಅಂದೆ. ಬಾಯಿಂದ ಸುಮ್ಮನೆ ಬಂದ ಮಾತು. ಅದು ಇಷ್ಟು ವರ್ಷ ಬಾಳುತ್ತದೆ ಅಂತ ಯಾರಿಗೆ ಗೊತ್ತಿತ್ತು? ನಾನು ಮೆತ್ತಿದವುಗಳಲ್ಲಿ ಉದುರದೆ ಉಳಿದದ್ದು ಅದೊಂದೇ.

ಮೇಸ್ತ್ರಿ ಕೇಳಿದಾಗ ನನ್ನ ಬಾಯಿ ತೆರೆದಿತ್ತು, ಸತ್ಯವಾಗಿ. ನಿನ್ನದು ಮೊದಲು ಮಾತಾಡಿತು.

ಮನೆಯಲ್ಲಿ ಒಂದು ಕೂಸು, ಹೊಟ್ಟೆಯಲ್ಲಿ ಇನ್ನೊಂದು. ನನ್ನನ್ನು ಓಡಿಸಿದ್ದರೆ ನಾಲ್ಕು ಜೀವ ಬೀದಿಗೆ ಬೀಳುತ್ತಿತ್ತು. ನೀನು ಒಂಟಿ. ಒಂದು ಹೊಟ್ಟೆ ಹೇಗೋ ನಡೆಯುತ್ತದೆ ಅಂದುಕೊಂಡೆ. ನೀನು ಮದುವೆಯಾಗಲಿಲ್ಲ ಅಂತ ಆಮೇಲೆ ತಿಳಿದಾಗ, ನೋಡು, ನಾನು ಅಂದುಕೊಂಡದ್ದು ಸರಿಯೇ ಆಯಿತು ಎಂದು ಸಮಾಧಾನ ಮಾಡಿಕೊಂಡದ್ದೂ ಉಂಟು. ಎಂಥ ಸಮಾಧಾನ.

ಒಂದು ಬೇಡಿಕೆ. ಮೇಸ್ತ್ರಿಯ ಮಗಳಿಗೆ ಮಾತ್ರ ತಿಳಿಸಬೇಡ. ಅಂಗಡಿಯ ಬೋರ್ಡಿನ ಮೇಲೆ ಇನ್ನೂ ಅವಳಪ್ಪನ ಹೆಸರಿದೆ.

ಸಲೂನಿನವರಿಗೆ ಚೀಟಿ ಬರೆಯುವುದಿಲ್ಲ. ಅವರಿಗೆ ಅದು ಬೇಕಿಲ್ಲ. ಯಾಕೆಂದು ಅವರನ್ನೇ ಕೇಳು.

ಸಾಣೆ

~

ಜೂನ್ 11

ಸಾಣೆ,

ಕೇಳಿದೆ.

ಮೊದಲ ಸೋಮವಾರ ಎಂದಿನಂತೆ ಹೋದೆ. ಕುರ್ಚಿಯಲ್ಲಿ ಯಾರೋ ಮುಖ ತುಂಬ ಸೋಪು ಹಚ್ಚಿಸಿಕೊಂಡು ಕೂತಿದ್ದರು. ನಾನು ನನ್ನ ಸ್ಟೂಲಿನಲ್ಲಿ ಕೂತು ದೊಡ್ಡ ಕತ್ತರಿಯ ಮೊಳೆ ಸಡಿಲಿಸಿ ಎರಡು ಅಲಗು ಬೇರೆ ಮಾಡಿದೆ. ಒಂದಕ್ಕೆ ಸಾಣೆ ಹಿಡಿದು ಮುಗಿಸಿದೆ. ಆಮೇಲೆ, ಕಲ್ಲಿನ ಮೇಲಿಂದ ತಲೆಯೆತ್ತದೆಯೇ, “ಸಾಣೆ ಪತ್ರ ಬರೆದಿದ್ದಾನೆ” ಅಂದೆ.

ಅವರ ಕೈ ನಿಂತಿತು.

“ಏನಂತೆ?”

ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು. ದನಿ ಹೇಗಿತ್ತೆಂಬುದೇ ನನಗೆ ಮರೆತುಹೋಗಿತ್ತು.

“ಆ ತೂತು ಅವನದಂತೆ.”

“ಹೂಂ.”

“ಹೂಂ ಅಂದ್ರೆ?”

“ಗೊತ್ತು ಅಂತ.”

ಕುರ್ಚಿಯಲ್ಲಿದ್ದವನು “ಅಣ್ಣಾ, ಸೋಪು ಒಣಗ್ತಿದೆ” ಅಂದ. “ಒಣಗಲಿ, ಸುಮ್ನಿರಪ್ಪ” ಅಂದರು ಇವರು.

“ಯಾವಾಗಿಂದ ಗೊತ್ತು ಯಜಮಾನ್ರೇ?”

“ಕೈಗೆ ಹೊಲಿಗೆ ಹಾಕಿಸ್ಕೊಂಡು ಬಂದ ಮೂರನೇ ದಿನದಿಂದ. ಮನೆಗೆ ಬಂದು ಕಾಲು ಹಿಡ್ಕೊಂಡು ಅತ್ತ. ಹೆಂಡ್ತಿ ಬಸುರಿ ಅಂದ. ನಿನಗೆ ಹಿಂದಿಲ್ಲ ಮುಂದಿಲ್ಲ, ಹೆಂಗೋ ತಡ್ಕೋತೀಯ ಅಂದ. ನಂಗೂ ಹೌದು ಅನ್ನಿಸ್ತು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೆ.”

“ಮತ್ತೆ ನನ್ನ ಮೇಲೆ ಸಿಟ್ಟು?”

“ನಿನ್ಮೇಲೆ ನನಗ್ಯಾಕಪ್ಪ ಸಿಟ್ಟು?”

“ಒಂದು ಮಾತೂ ಆಡ್ಲಿಲ್ವಲ್ಲ ನೀವು.”

“ಏನಂತ ಆಡ್ಲಿ? ಬಾಯಿ ಬಿಟ್ರೆ ಅದೇ ಬೀಳ್ತಿತ್ತು.”

“ಬರಬೇಡ ಅಂತಾನಾದ್ರೂ ಅನ್ನಬಹುದಿತ್ತು.”

ಅವರು ಆ ಮಡಚದ ಹೆಬ್ಬೆರಳನ್ನು ನೋಡಿಕೊಂಡರು. ಆಮೇಲೆ ನನ್ನ ಕೈಯಲ್ಲಿದ್ದ ಅಲಗನ್ನು ನೋಡಿದರು.

“ಕತ್ತರಿಗೆ ಸಾಣೆ ಚೆನ್ನಾಗಿ ಹಿಡೀತಿದ್ದೆ ನೀನು” ಅಂದರು.

ಅಷ್ಟೇ ಕಣೋ. ಬೇರೇನೂ ಇಲ್ಲ. ನಾನು ಸಿಟ್ಟು ಎಂದುಕೊಂಡು ತಲೆ ತಗ್ಗಿಸಿ ಕೂತದ್ದು ಅವರ ನಾಚಿಕೆಯ ಮುಂದೆ. ನಾನು ಒಬ್ಬನೇ ಹೊತ್ತಿದ್ದೇನೆ ಅಂದುಕೊಂಡ ಗಂಟಿನ ಒಳಗೆ ಏನಿದೆ ಎಂದು ನಮ್ಮ ಮೂವರಲ್ಲಿ ನನಗೊಬ್ಬನಿಗೇ ಗೊತ್ತಿರಲಿಲ್ಲ.

ನಾನು ಎದ್ದು ನಿಂತಾಗ ಅವರು ಕುರ್ಚಿಯಲ್ಲಿದ್ದವನನ್ನು ಅರ್ಧ ಸೋಪಿನಲ್ಲೇ ಎಬ್ಬಿಸಿ, ಸೀಟನ್ನು ಟವೆಲ್ಲಿನಿಂದ ಒರೆಸಿ, “ಬಾರಪ್ಪ, ಕೂತ್ಕೋ” ಅಂದರು. ನಾನು ಯಾವ ಮಾತಿಗೆ ಆಸೆಪಟ್ಟಿದ್ದೆನೋ ಅದೇ ಮಾತು. ಬಾಗಿಲ ತನಕ ಬಂದು ಇನ್ನೊಂದು ಸಲವೂ ಅಂದರು. ಕೂರಲು ಆಗಲಿಲ್ಲ. ದೊಡ್ಡ ಕತ್ತರಿಗೆ ಒಂದು ಅಲಗಷ್ಟೇ ಸಾಣೆಯಾಗಿತ್ತು. ಇನ್ನೊಂದನ್ನು ಹಾಗೇ ಸ್ಟೂಲಿನ ಮೇಲಿಟ್ಟು ಬಂದೆ. ಇನ್ನು ಹೋಗುವುದಿಲ್ಲ.

ಮನೆಗೆ ಬಂದು ಮೇಸ್ತ್ರಿಯ ಕತ್ತಿ ಹಿಡಿದು ಕೂತೆ. ನೀನು ಮೆತ್ತಿದ್ದನ್ನೆಲ್ಲ ಕೆರೆದು ತೆಗೆದೆ. ಗಟ್ಟಿ ಕೊಂಬು ಸಿಗುವವರೆಗೆ ಕೊರೆದೆ. ತುಂಬ ದೂರ ಹೋಗಬೇಕಾಯಿತು, ಅಂಚು ಸೀಳೀತೇನೋ ಅಂತ ಒಂದು ಕಡೆ ಡ್ರಿಲ್ಲನ್ನು ಮೆಲ್ಲಮೆಲ್ಲಗೆ ತಿರುಗಿಸಿದೆ. ಹಿಡಿಯ ಎರಡೂ ಪಟ್ಟಿಗೆ ಬುಷ್ ಕೂರಿಸಿ, ಹೊಸ ಮೊಳೆ ಹಾಕಿ, ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ತಲೆ ಕಟ್ಟಿದೆ. ಈಗ ಬಿಚ್ಚಿದರೆ ಎಲ್ಲಿ ಬಿಟ್ಟೆವೋ ಅಲ್ಲಿ ನಿಲ್ಲುತ್ತದೆ. ಮುಚ್ಚಿದರೆ ಅಲಗು ಎರಡು ಗೋಡೆಯ ನಟ್ಟನಡುವೆ ಇಳಿಯುತ್ತದೆ, ಯಾರನ್ನೂ ಮುಟ್ಟದೆ. ನನ್ನ ಕೈ ಆವತ್ತೂ ಸುಳ್ಳು ಹೇಳಿರಲಿಲ್ಲ. ಅದನ್ನು ಬಿಟ್ಟು ನಿನ್ನ ನಾಲಿಗೆಯನ್ನು ನಂಬಿದೆನಲ್ಲ, ಅದೊಂದು ತಪ್ಪು ಮಾತ್ರ ನನ್ನದು.

ಕತ್ತಿ ನಿನಗೆ ಬರುವುದಿಲ್ಲ. ಮೇಸ್ತ್ರಿಯ ಮಗಳ ವಿಳಾಸಕ್ಕೇ ನಿನ್ನೆ ಅಂಚೆಯಲ್ಲಿ ಹಾಕಿದೆ. ಗಾಬರಿಯಾಗಬೇಡ, ನಿನ್ನ ಬಗ್ಗೆ ಒಂದಕ್ಷರ ಬರೆದಿಲ್ಲ. ಅದನ್ನು ಹೇಳುವ ಬಾಯಿ ನಿನ್ನದು, ಈಗಲೂ ತೆರೆದೇ ಇರಬೇಕು. ಜೊತೆಗಿಟ್ಟ ಚೀಟಿಯಲ್ಲಿ ಒಂದೇ ಸಾಲು ಇದೆ: ‘ಮಗಳೇ, ಈ ತೂತು ನನ್ನದು – ತೂತಣ್ಣ.’ ಅವಳು ಆ ಕತ್ತಿ ಹಿಡಿದುಕೊಂಡು ನಿನ್ನ ಅಂಗಡಿಗೆ ಬರುತ್ತಾಳೆ. ಏನು ಕೇಳುತ್ತಾಳೋ, ನೀನು ಏನು ಹೇಳುತ್ತೀಯೋ, ಅದು ನಿಮ್ಮಿಬ್ಬರಿಗೆ ಬಿಟ್ಟದ್ದು.

ಈ ಪತ್ರದೊಳಗೆ ಒಂದು ಚಿಕ್ಕ ಕಾಗದದ ಪೊಟ್ಟಣವಿದೆ. ಮೇಸ್ತ್ರಿಯ ಕತ್ತಿಯಿಂದ ಕೆರೆದು ತೆಗೆದ ಪುಡಿ. ನಿನ್ನದು ನಿನಗೆ ಸೇರಲಿ ಅಂತ ಕಳಿಸಿದ್ದೇನೆ. ಹುಷಾರಾಗಿ ಬಿಚ್ಚು. ಸೀನು ಬಂದರೆ ನೀರು ತರಲು ಓಡುವವರು ಯಾರೂ ಇಲ್ಲ.

ತೂತ